ಉಚ್ಚೆಂಗೆಮ್ಮನ ಬಾಣಲೆ

ಉಚ್ಚೆಂಗೆಮ್ಮ ಕೆಟ್ಟ ಹೆಂಗಸು. ಇದನ್ನು ಮೃದುವಾಗಿ ಹೇಳುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ಕಷ್ಟ ಕಂಡವಳು, ಬಾಯಿ ಜೋರು, ಆದರೆ ಮನಸ್ಸಿನಲ್ಲಿ ಏನೂ ಇಲ್ಲ ಎನ್ನುತ್ತಾರೆ. ಹಾಗೆನ್ನುವವರೆಲ್ಲ ಆಕೆಯ ಹತ್ತಿರ ಚಕ್ಕುಲಿ ಕೊಳ್ಳುವವರು. ನಾನೂ ಕೊಳ್ಳುತ್ತೇನೆ. ಚಕ್ಕುಲಿ ಚೆನ್ನಾಗಿರುತ್ತದೆ, ಅದರಿಂದ ಮಾಡಿದವಳ ಗುಣ ಚೆನ್ನಾಗುವುದಿಲ್ಲ.

ಕೆ.ಬಿ. ಬಡಾವಣೆಯಲ್ಲಿ ಆಕೆಯ ಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ ಇದೆ. ಅವರದು ಮೊದಲು ಒಂದೇ ಮನೆ. ಉಚ್ಚೆಂಗೆಮ್ಮನ ಗಂಡ ಮತ್ತು ಅವನ ತಮ್ಮ ಬೇರೆಯಾದಾಗ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ಆ ಅಣ್ಣತಮ್ಮಂದಿರು ಈಗಿಲ್ಲ. ಮುಂದಿನ ಭಾಗದಲ್ಲಿ ಉಚ್ಚೆಂಗೆಮ್ಮ ಇದ್ದಾಳೆ. ಹಿಂದಿನ ಭಾಗದಲ್ಲಿ ಆಕೆಯ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ ದ್ಯಾಮವ್ವ, ಮಗಳು ಸುಧಾಳ ಜೊತೆ ಇದ್ದಾಳೆ. ಹಿಂದಿನ ಮನೆಗೆ ಬೇರೆ ದಾರಿಯಿಲ್ಲ. ಉಚ್ಚೆಂಗೆಮ್ಮನ ಅಂಗಳ ದಾಟಿ, ಆಕೆಯ ಅಡುಗೆಮನೆಯ ಬಾಗಿಲ ಮುಂದೆಯೇ ಹೋಗಬೇಕು.

ಆ ಅಡುಗೆಮನೆಯಲ್ಲಿ ದಿನ ಬಿಟ್ಟು ದಿನ ಬಾಣಲೆ ಏರುತ್ತದೆ. ಚಕ್ಕುಲಿ, ಕೋಡುಬಳೆ, ಕರ್ಚಿಕಾಯಿ, ಶಂಕರಪೋಳಿ. ಮದುವೆ, ಬಸುರಿಯ ಕುಬುಸ, ದೀಪಾವಳಿ ಎಂದರೆ ಹರಿಹರದಿಂದಲೂ ಬಂದು ಹೇಳಿಹೋಗುತ್ತಾರೆ. ರುಚಿ ನೋಡಲು ಒಂದು ತುಂಡು ಕೇಳಿದವರಿಗೆ, "ತಿಂದು ನೋಡಾಕ ಇದೇನು ಛತ್ರನಾ? ನಂಬಿಕೆ ಇದ್ರೆ ತಗಾ, ಇಲ್ದಿದ್ರೆ ಬೇಕರಿ ಐತೆ, ಹೋಗು" ಎನ್ನುತ್ತಾಳೆ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಮಾಬೂಬೀ ಒಮ್ಮೆ ನನ್ನೊಡನೆ ಹೇಳಿದಳು: "ಆಕಿ ಹಿಟ್ಟಿಗೆ ಖಾರದಪುಡಿ ಹಾಕೋದೇ ದಂಡ ಮೇಡಂ. ಕಲಸುವಾಗ ನಾಕು ಮಾತಾಡಿದ್ರೆ ಸಾಕು."

ನಗುವುದಕ್ಕೆ ಇಷ್ಟು ಸಾಕು. ಉಳಿದದ್ದು ನಗುವಂಥದ್ದಲ್ಲ.

ಇದು ಸುಧಾ ಅಂಬೆಗಾಲಿಡುತ್ತಿದ್ದ ಕೂಸಾಗಿದ್ದಾಗಿನ ಮಾತು. ದೀಪಾವಳಿಯ ಹಿಂದಿನ ದಿನ ಉಚ್ಚೆಂಗೆಮ್ಮ ಚಕ್ಕುಲಿ ಕರಿಯುತ್ತಿದ್ದಳು. ದ್ಯಾಮವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಅಕ್ಕಾ, ಒಂದು ಮುರುಕು ಕೊಡು, ಇದು ಅಳಾಕ ಹತ್ತೈತೆ" ಎಂದಳು. ಅದೇ ಹೊತ್ತಿಗೆ ಎಣ್ಣೆಯಲ್ಲಿದ್ದ ಚಕ್ಕುಲಿ ಸಿಡಿಯಿತು. ಉಚ್ಚೆಂಗೆಮ್ಮನ ಬಲಗೈ ಮೊಣಕೈವರೆಗೂ ಸುಟ್ಟಿತು.

ಚಕ್ಕುಲಿ ಸಿಡಿಯುವುದಕ್ಕೆ ಕಾರಣಗಳಿವೆ. ಹಿಟ್ಟನ್ನು ಜರಡಿ ಹಿಡಿಯದೆ ಗಂಟು ಉಳಿದಿದ್ದರೆ, ಒತ್ತುವಾಗ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಕಾದ ಎಣ್ಣೆಯಲ್ಲಿ ಹಬೆಗೆ ಹೊರಬರಲು ದಾರಿ ಸಿಗುವುದಿಲ್ಲ. ಆಸ್ಪತ್ರೆಯಿಂದ ಬಂದವಳಿಗೆ ಇದನ್ನು ಹೇಳಿದೆ. "ನನ್ನ ಹಿಟ್ಟಿಗೆ ಹೆಸರಿಡಾಕ ಬಂದ್ರಾ ಮೇಡಂ? ನಂದೇನೂ ತಪ್ಪಿಲ್ಲ. ಆಕಿ ಕಣ್ಣು" ಎಂದಳು.

ಆಕಿ ಕಣ್ಣು ಎಂಬ ಆ ಮಾತು ನಲ್ಲಿಯ ಹತ್ತಿರ ಹೋಯಿತು, ಹಿಟ್ಟಿನ ಗಿರಣಿಗೆ ಹೋಯಿತು, ಚಕ್ಕುಲಿಯ ಡಬ್ಬಿಗಳ ಜೊತೆ ಊರ ಮೇಲೆ ಹೋಯಿತು. ಕರಿಯುವಾಗ ಅಸೂಯೆಯ ಕಣ್ಣು ಬಿದ್ದರೆ ತಿಂಡಿ ಎಣ್ಣೆ ಕುಡಿಯುತ್ತದೆ, ಒಡೆಯುತ್ತದೆ ಎಂದು ನಂಬುವ ಜನ ಇಲ್ಲಿ ಮೊದಲೇ ಇದ್ದರು. ಅವರಿಗೆ ಒಂದು ಹೆಸರು ಬೇಕಾಗಿತ್ತು, ಸಿಕ್ಕಿತು. ಓದಿದ ಮನೆಗಳಲ್ಲೂ ಬಾಣಲೆ ಇಟ್ಟ ದಿನ ದ್ಯಾಮವ್ವ ಬರುವುದು ಕಂಡರೆ ಅಡುಗೆಮನೆಯ ಬಾಗಿಲು ಸರಿಸುತ್ತಿದ್ದರು.

ದ್ಯಾಮವ್ವ ಜಗಳವಾಡಲಿಲ್ಲ. ಅಳುತ್ತಿದ್ದಳು, ಅದೂ ಅತಿಯಾಗಿ. ಆಕೆಯ ಅಳು ನನಗೆ ಎಂದೂ ಹಿಡಿಸಿಲ್ಲ. ಕಡೆಗೆ ತಾನೇ ಒಂದು ಪದ್ಧತಿ ಮಾಡಿಕೊಂಡಳು. ಸೀರೆ ಅಂಗಡಿಯ ಕೆಲಸ ಮುಗಿಸಿ ಬಂದವಳು ಗೇಟಿನ ಹೊರಗೇ ನಿಂತು ಕೇಳುತ್ತಿದ್ದಳು: "ಎಣ್ಣೆ ಐತೇನಕ್ಕಾ?"

ಒಲೆಯ ಮೇಲೆ ಎಣ್ಣೆ ಇಲ್ಲ ಎಂದಾದರೆ ಒಳಗಿನಿಂದ ಉತ್ತರವೇ ಬರುತ್ತಿರಲಿಲ್ಲ. ದ್ಯಾಮವ್ವ ಒಳಗೆ ಹೋಗುತ್ತಿದ್ದಳು. ಇದ್ದರೆ, "ಐತೆ, ಅಲ್ಲೇ ನಿಂದ್ರು" ಎಂದು ಬರುತ್ತಿತ್ತು. ದ್ಯಾಮವ್ವ ತನ್ನ ಮನೆಗೆ ತಾನು ಹೋಗಲಾಗದೆ ಚೀಲ ಹಿಡಿದು ಬೀದಿಯಲ್ಲಿ ನಿಲ್ಲುತ್ತಿದ್ದಳು. ಮಳೆಗಾಲದಲ್ಲಿ ಮಾಬೂಬೀ ಕರೆದು ತನ್ನ ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಕೂಸಾಗಿದ್ದ ಸುಧಾ ಶಾಲೆ ಮುಗಿಸಿ, ಕಾಲೇಜು ಮುಗಿಸಿ, ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದರೂ ಆ ಪ್ರಶ್ನೆ, ಆ ಉತ್ತರ ಬದಲಾಗಲಿಲ್ಲ.

ಸುಟ್ಟ ಕೈಯ ಮೇಲೆ ಕಪ್ಪು ಕಲೆ ಉಳಿಯಿತು. ಅಂದಿನಿಂದ ಉಚ್ಚೆಂಗೆಮ್ಮ ಕಾದ ಬಾಣಲೆಗೆ ಬೆನ್ನು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಗಿರಾಕಿಯೊಡನೆ ಮಾತಾಡುವಾಗಲೂ, ಬೈಯುವಾಗಲೂ ಕಣ್ಣು ಎಣ್ಣೆಯ ಮೇಲೆಯೇ.

ಈ ವರ್ಷ ಸುಧಾಳಿಗೆ ಹರಿಹರದಿಂದ ಸಂಬಂಧ ಬಂತು. ಹುಡುಗ ಅಂಜನಕುಮಾರ, ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡವನು. ಹುಡುಗ ಹುಡುಗಿ ಇಬ್ಬರೂ ಒಪ್ಪಿದರು. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಅವನ ದೊಡ್ಡಮ್ಮ ಭೀಮವ್ವನದು, ಮತ್ತು ಭೀಮವ್ವ ಉಚ್ಚೆಂಗೆಮ್ಮನ ಹಳೆಯ ಗಿರಾಕಿ. ಕಣ್ಣಿನ ಕತೆಯನ್ನು ಉಚ್ಚೆಂಗೆಮ್ಮನ ಬಾಯಿಂದಲೇ, ಡಬ್ಬಿ ತುಂಬಿಸಿಕೊಳ್ಳುತ್ತಾ ಎಷ್ಟೋ ಸಲ ಕೇಳಿದ್ದಳು. ಹುಡುಗಿ ಆ ದ್ಯಾಮವ್ವನ ಮಗಳು ಎಂದು ತಿಳಿದ ಕೂಡಲೇ, ಸ್ವಲ್ಪ ತಡೆಯೋಣ ಎಂದು ಹೇಳಿಕಳಿಸಿದಳು. ತಡೆಯೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು.

ದ್ಯಾಮವ್ವ ಉಚ್ಚೆಂಗೆಮ್ಮನ ಹೊಸ್ತಿಲಿಗೆ ಬಂದಳು. ನಮ್ಮ ಹಿತ್ತಲಿಗೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತದೆ.

"ಅಕ್ಕಾ, ನೀನು ಆಡಿದ ಮಾತು. ನೀನೇ ತಗೀಬೇಕು."

"ಸುಳ್ಳು ಆಡೀನೇನು ನಾನು? ಸಿಡಿದದ್ದು ಸುಳ್ಳಾ? ಈ ಕೈ ಸುಳ್ಳಾ?"

"ನನಗ ಏನರ ಅನ್ನು. ಹುಡುಗಿ ಏನು ಮಾಡೈತೆ?"

"ಹುಡುಗಿಗೆ ನಾನೇನೂ ಅಂದಿಲ್ಲ. ಅತ್ತು ಕರೆದು ಮಾಡಬ್ಯಾಡ, ಹಿಟ್ಟು ಆರ್ತೈತೆ, ಹೋಗು."

ಮರುದಿನ ನಾನೇ ಹೋದೆ. ಒಂದು ಮದುವೆ ನಿನ್ನ ಬಾಯಿಂದ ಮುರಿಯುತ್ತದೆ ಎಂದು ನೇರವಾಗಿ ಹೇಳಿದೆ. ಕಣ್ಣು ಎಣ್ಣೆಯಿಂದ ಎತ್ತದೆ ಉತ್ತರ ಕೊಟ್ಟಳು: "ಮೇಡಂ, ನೀವು ಕಾಲೇಜಿನ್ಯಾಗ ಭಾಳ ಜನಕ್ಕ ಪಾಠ ಮಾಡೀರಿ. ನನ್ನ ಬಾಣಲೆಗೆ ಬ್ಯಾಡ್ರಿ." ಕೋಡುಬಳೆಯ ಪೊಟ್ಟಣವನ್ನು ನನ್ನ ಮುಂದೆ ತಳ್ಳಿದಳು. ತೆಗೆದುಕೊಂಡು ಬಂದೆ. ಆಕೆಯ ಬಗ್ಗೆ ನನಗಿದ್ದ ಅಭಿಪ್ರಾಯ ಅಂದು ಇನ್ನಷ್ಟು ಗಟ್ಟಿಯಾಯಿತು.

ಅದಾದ ಮುಂದಿನ ವಾರ ಭೀಮವ್ವ ಬಂದಳು. ಸಂಬಂಧದ ಮಾತಿಗಲ್ಲ. ಆಕೆಯ ಮಗಳಿಗೆ ಕುಬುಸ. ಬಸುರಿ ಹುಡುಗಿಯ ಬುತ್ತಿಗೆ ಚಕ್ಕುಲಿ ಕರ್ಚಿಕಾಯಿ ಹೇಳಿದ್ದಳು. ಜೊತೆಗೆ ತಂಗಿ, ಎಂದರೆ ಅಂಜನಕುಮಾರನ ತಾಯಿಯೂ ಇದ್ದಳು. ನಾನು ನನ್ನ ಶಂಕರಪೋಳಿಗಾಗಿ ಅಂಗಳದ ಬೆಂಚಿನ ಮೇಲೆ ಕುಳಿತಿದ್ದೆ. ಅವರಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕುಳಿತರು. ಕರ್ಚಿಕಾಯಿ ಆಗಿತ್ತು. ಚಕ್ಕುಲಿಗಳು ಎಣ್ಣೆಯಲ್ಲಿದ್ದವು, ಇನ್ನಷ್ಟು ಹಿಟ್ಟು ಉಳಿದಿತ್ತು.

"ಹುಡುಗಿ ಚಲೋ ಅದಾಳೆ ಅಕ್ಕಾರೆ," ಎಂದಳು ಭೀಮವ್ವ. "ನಮ್ಮ ಹುಡುಗ ಅಂತೂ ಅದೇ ಆಗಬೇಕು ಅಂತ ಊಟ ಬಿಟ್ಟು ಕುಂತಾನ. ಆದ್ರ ನೋಡ್ರಿ, ತಾಯಿ ಕಣ್ಣು ಹಂಗಿದ್ದ ಮ್ಯಾಲೆ ಮಗಳ ಕಣ್ಣು ಬ್ಯಾರೆ ಇರ್ತೈತಾ? ಅವತ್ತು ಆ ಕೂಸೂ ಬಾಗಿಲದಾಗ ಇತ್ತು ಅಂತ ನೀವೇ ಹೇಳಿದ್ರಿ. ತಾಯಿ ಕಣ್ಣು ತಾಗ್ತೋ, ಕೂಸಿನ ಕಣ್ಣು ತಾಗ್ತೋ, ಯಾರು ಕಂಡಾರ?"

ಉಚ್ಚೆಂಗೆಮ್ಮ ಜಾಲರಿ ಸೌಟು ಕೈಗೆತ್ತಿಕೊಂಡಳು.

"ಹುಟ್ಟತ್ಲೇ ಬಂದದ್ದು ಹೋಗಂಗಿಲ್ಲ ಬಿಡ್ರಿ," ಎಂದಳು ಅಂಜನಕುಮಾರನ ತಾಯಿ.

ಬಾಣಲೆಯಲ್ಲಿ ಚಕ್ಕುಲಿಗಳು ಹೊಂಬಣ್ಣ ದಾಟಿ ಕೆಂಪಾದವು, ಕೆಂಪು ದಾಟಿ ಕಂದಾದವು. ಉಚ್ಚೆಂಗೆಮ್ಮ ಜಾಲರಿ ಹಿಡಿದು ನೋಡುತ್ತಲೇ ಇದ್ದಳು. ವಾಸನೆ ಅಂಗಳಕ್ಕೆ ಬಂದ ಮೇಲೆ ಅವನ್ನು ಎತ್ತಿ ಮುಸುರೆ ಬಕೆಟ್ಟಿಗೆ ಹಾಕಿದಳು. ಆಕೆಯ ಕೈಯಲ್ಲಿ ಚಕ್ಕುಲಿ ಕರಿಕಾದದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಗೇಟಿನ ಹತ್ತಿರ ಚಪ್ಪಲಿಯ ಸದ್ದಾಯಿತು.

"ಎಣ್ಣೆ ಐತೇನಕ್ಕಾ?"

ಭೀಮವ್ವ ತಂಗಿಯ ಮುಖ ನೋಡಿದಳು. ತುಂಬಿದ್ದ ಕರ್ಚಿಕಾಯಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಸೆರಗು ಮುಚ್ಚಿದಳು.

"ಐತೆ," ಎಂದಳು ಉಚ್ಚೆಂಗೆಮ್ಮ. "ಒಳಗ ಬಾ."

ದ್ಯಾಮವ್ವ ಗೇಟಿನ ಚಿಲಕ ಹಿಡಿದು ನಿಂತೇ ಇದ್ದಳು.

"ಕಾಲು ಬಿದ್ದು ಹೋಗ್ಯಾವೇನು? ಬಾ ಅಂದೆ."

ದ್ಯಾಮವ್ವ ಅಂಗಳ ದಾಟಿ ಬಂದಳು. ಬಾಗಿಲಲ್ಲಿ ಕುಳಿತವರು ಮೊಣಕಾಲು ಸರಿಸಲೇಬೇಕಾಯಿತು. ಉಚ್ಚೆಂಗೆಮ್ಮ ಚಕ್ಕುಲಿ ಒತ್ತುವ ಒರಳಿಗೆ ಹಿಟ್ಟು ತುಂಬಿ ಆಕೆಯ ಕೈಗೆ ಕೊಟ್ಟಳು.

"ಅಕ್ಕಾರೆ, ಇದು ನನ್ನ ಮಗಳ ಕುಬುಸದ ಬುತ್ತಿ," ಎಂದಳು ಭೀಮವ್ವ. ಧ್ವನಿ ಗಟ್ಟಿಯಾಗಿಯೇ ಇತ್ತು.

"ಗೊತ್ತೈತೆ. ಸಿಡಿದ್ರೆ ತಪ್ಪು ನನ್ನ ಹಿಟ್ಟಿಂದು. ಅವತ್ತೂ ನನ್ನ ಹಿಟ್ಟಿಂದೇ. ಹಬ್ಬದ ಗಡಿಬಿಡಿಯಾಗ ಜರಡಿ ಹಿಡಿದಿರಲಿಲ್ಲ." ಒಲೆಯ ಉರಿ ಸ್ವಲ್ಪ ತಗ್ಗಿಸಿದಳು. "ನನ್ನ ಹಿಟ್ಟು ಬ್ಯಾಡಾದ್ರೆ ಹರಿಹರದಾಗೂ ಮಾಡೋರು ಅದಾರ. ಮಾಡಿಸ್ಕ್ಯಳ್ರಿ."

ಭೀಮವ್ವ ಎದ್ದು ಹೋಗಲಿಲ್ಲ.

ದ್ಯಾಮವ್ವ ಎಲೆಯ ಮೇಲೆ ಒತ್ತಿದ ಸುತ್ತು ನಡುವೆಯೇ ಹರಿಯಿತು.

"ಇದೇನು ಒತ್ತೋದು, ಕೋಳಿ ಕೆದರಿದಂಗೆ? ಇನ್ನೊಂದು ಒತ್ತಿ ಎಣ್ಣೆಗೆ ಬಿಡು," ಎಂದಳು ಉಚ್ಚೆಂಗೆಮ್ಮ. ಜಾಲರಿಯನ್ನೂ ದ್ಯಾಮವ್ವನ ಮುಂದಿಟ್ಟಳು. ಆಮೇಲೆ ಕಾದ ಬಾಣಲೆಗೆ ಪೂರ್ತಿ ಬೆನ್ನು ಮಾಡಿ ಕುಳಿತು, ಭೀಮವ್ವನ ಸೆರಗಿನ ಕೆಳಗಿನಿಂದ ಡಬ್ಬಿಯನ್ನು ಎಳೆದುಕೊಂಡು, ಅದರ ಮುಚ್ಚಳ ಒರೆಸತೊಡಗಿದಳು.