ಐಸ್ ಬೆವರುವ ತನಕ

ನಿನ್ನೆಯಿಂದ ಒಂದು ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನೆ. ಡೈರಿಯಲ್ಲಾದರೂ ಬರೆದು ಹಗುರಾಗೋಣವೆಂದರೆ ಅಲ್ಲೂ ಅರ್ಧ ಸಾಲಿಗೇ ಪೆನ್ನು ನಿಂತಿತು. ಬೇರೆಯವರ ಮನೆಯ ಫ್ರಿಜ್ಜಿನಲ್ಲಿ ಏನೋ ಒಂದನ್ನು ನೋಡಿಬಿಟ್ಟಿದ್ದೇನೆ. ಅದು ದೊಡ್ಡ ಸಂಗತಿಯೋ, ಏನೂ ಅಲ್ಲವೋ, ಅದೇ ಗೊತ್ತಾಗುತ್ತಿಲ್ಲ. ಹೇಳಿದರೆ ಒಬ್ಬ ಅಜ್ಜಿಗೆ ಮುಖ ತೋರಿಸಲಾಗದಂತೆ ಆಗುತ್ತದೆ. ಹೇಳದಿದ್ದರೆ ಅವರ ಮೊಮ್ಮಗಳಿಗೆ ಏನಾಗುತ್ತದೆ ಎಂಬುದನ್ನು ಯಾರಲ್ಲಿ ಕೇಳುವುದು? ನಾನು ಬಂದಿರುವುದು ಆಸ್ಪತ್ರೆಯಿಂದ ಮನೆಮನೆಗೆ ಔಷಧಿ ತಲುಪಿಸುವ ಐಸಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು. ಆದ್ದರಿಂದ ಅವರಿಂದಲೇ ಶುರು ಮಾಡುತ್ತೇನೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಔಷಧಿಗಳ ಶೀತಲ ಕೋಣೆ. ಎರಡು ಸ್ವೆಟರ್ ತೊಟ್ಟು, ಮೇಲೆ ಗಂಡನ ಹಳೇ ಅಂಗಿಯನ್ನೂ ಏರಿಸಿಕೊಂಡ ಐಸಕ್ಕ ದೊಡ್ಡ ಫ್ರೀಜರ್‌ನಿಂದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆಯುತ್ತಿದ್ದಾರೆ. ಒಳಗೆ ನೀರು ಕಲ್ಲಾಗಿದೆ. ಅವನ್ನು ಸ್ಟೀಲ್ ಮೇಜಿನ ಮೇಲೆ ಒಗೆದ ಬಟ್ಟೆ ಹರವಿದ ಹಾಗೆ ಸಾಲಾಗಿ ಹರವಿ, ಸ್ಟೂಲು ಎಳೆದು ಸುಮ್ಮನೆ ಕೂತುಬಿಡುತ್ತಾರೆ. ಇಷ್ಟು ಹೊತ್ತು ಅಷ್ಟು ಅವಸರ ಮಾಡಿ ಈಗ ಕೂತದ್ದೇಕೆ ಎಂದು ನನಗೆ ತಿಳಿಯುವುದಿಲ್ಲ.

"ಬೆವರ್ಲಿ, ತಾಳು," ಎನ್ನುತ್ತಾರೆ.

"ಯಾರು?"

"ಇನ್ಯಾರು, ಐಸು. ಬಿಸಿಲಲ್ಲಿ ಮೆಟ್ಲು ಹತ್ತಿದ್ರೆ ನಾನೂ ಬೆವರ್ತೀನಿ, ಅದು ಆಮೇಲೆ."

ಡಬ್ಬಿಗಳ ಮೈಮೇಲೆ ನಿಧಾನಕ್ಕೆ ಹನಿ ಮೂಡುತ್ತದೆ. ಐಸಕ್ಕ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ನೀರು ಅಲುಗಿದ ಸದ್ದು ಬಂದರೆ ಪೆಟ್ಟಿಗೆಗೆ ಇಡಲು ತಯಾರು, ಬರದಿದ್ದರೆ ಮತ್ತೆ ಮೇಜಿಗೆ. ನನ್ನ ಕೈಗೂ ಒಂದು ಕೊಡುತ್ತಾರೆ. ಅಲ್ಲಾಡಿಸುತ್ತೇನೆ. ಏನೂ ಕೇಳುವುದಿಲ್ಲ, ಆದರೂ ತಲೆಯಾಡಿಸುತ್ತೇನೆ.

"ಏನು ಕೇಳಿಸ್ತು?"

"ನೀರು..."

"ಸುಳ್ಳಿ! ಅದಿನ್ನೂ ಕಲ್ಲು ಕಲ್ಲಾಗಿದೆ," ಎಂದು ನಕ್ಕು ಕಿತ್ತುಕೊಳ್ಳುತ್ತಾರೆ.

ಪೆಟ್ಟಿಗೆಯೊಳಗೆ ಹೋಗುವ ಔಷಧಿಗಳ ವಿಚಾರ ಇನ್ನೂ ಗೋಜಲು. ಔಷಧ ವಿಭಾಗದ ಯಜಮಾನರು ನನಗೆ ಎರಡು ಸಲ ವಿವರಿಸಿದ್ದಾರೆ. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆಯಂತೆ, ಪಿಟ್ಯುಟರಿ. ಅದರ ಮೇಲೆ ಹೈಪೊಥಲಾಮಸ್ ಅಂತ ಇನ್ನೊಂದು ಭಾಗ. ಮೇಲಿನದು ಅಪ್ಪಣೆ ಕೊಡುತ್ತದೆ, ಕೆಳಗಿನದು ಮೈಯೆಲ್ಲಾ ಸಾರುತ್ತದೆ. ಬೆಳೆ, ಸಾಕು ನಿಲ್ಲು, ನೀರು ಹಿಡಿದಿಟ್ಟುಕೋ, ಹಾಲು ಉಣಿಸು. ಈ ಇಬ್ಬರಲ್ಲಿ ಯಾರಾದರೂ ಮುನಿಸಿಕೊಂಡರೆ ಆ ಮಾತನ್ನು ಹೊರಗಿನಿಂದ ಔಷಧಿಯೇ ಆಡಬೇಕು. ಅತಿಯಾಗಿ ಕೂಗಿದರೆ ಬಾಯಿ ಮುಚ್ಚಿಸಲಿಕ್ಕೂ ಔಷಧಿಯೇ. ನನಗೆ ಅರ್ಥವಾದದ್ದು ಇಷ್ಟು. ಇದರಲ್ಲಿ ತಪ್ಪಿದ್ದರೆ ಅದು ಯಜಮಾನರದಲ್ಲ.

ಐಸಕ್ಕನಿಗೂ ಇದು ಪೂರ್ತಿ ಅರ್ಥವಾಗಿಲ್ಲವೆಂದು ತಿಳಿದಾಗ ನನಗೆ ಎಷ್ಟೋ ಸಮಾಧಾನ. "ಈ ಡಬ್ಬಿ ಬೆಳೆಯದೇ ಇರೋರಿಗೆ, ಈ ಡಬ್ಬಿ ಬೆಳೀತಾನೇ ಇರೋರಿಗೆ. ಎರಡೂ ಒಂದೇ ಪೆಟ್ಟಿಗೇಲಿ ಅಕ್ಕಪಕ್ಕ ಕೂತು ಬರ್ತವೆ. ಜಗಳ ಆಡಲ್ವಲ್ಲ, ಅದೇ ನಂಗೆ ಆಶ್ಚರ್ಯ," ಎನ್ನುತ್ತಾರೆ. ಮೊದಮೊದಲು ಎತ್ತರದ ಔಷಧಿಯನ್ನು ಒಂದು ಪೆಟ್ಟಿಗೆಯಲ್ಲಿ, ತಗ್ಗಿಸುವ ಔಷಧಿಯನ್ನು ಇನ್ನೊಂದರಲ್ಲಿ ಬೇರೆ ಬೇರೆ ಹೊರುತ್ತಿದ್ದರಂತೆ. ಒಂದರ ಗುಣ ಇನ್ನೊಂದಕ್ಕೆ ಹತ್ತೀತು ಎಂಬ ಹೆದರಿಕೆ.

ಹೆಗಲಿಗೆ ಪೆಟ್ಟಿಗೆ ತಗುಲಿಸಿ ಹೊರಡುತ್ತೇವೆ. ಒಂದು ಬಸ್ಸು, ಇನ್ನೊಂದು ಬಸ್ಸು, ಉಳಿದದ್ದೆಲ್ಲ ಮೆಟ್ಟಿಲು. ದಿನಕ್ಕೆ ಹತ್ತು ಹನ್ನೆರಡು ಮನೆ. ಲಿಫ್ಟ್ ಇರುವ ಕಟ್ಟಡಗಳು ಕಡಿಮೆ, ಇದ್ದಲ್ಲಿ ಕೆಟ್ಟಿರುವುದು ಹೆಚ್ಚು. ಪೆಟ್ಟಿಗೆ ನೋಡಿದ ಮಕ್ಕಳು ಐಸ್‌ಕ್ರೀಮ್ ಎಂದು ಹಿಂದೆ ಬರುತ್ತಾರೆ. "ಇದ್ಯಪ್ಪಾ, ಸೂಜಿ ಐಸ್‌ಕ್ರೀಮು, ಬೇಕಾ?" ಎಂದರೆ ಚದುರಿಹೋಗುತ್ತಾರೆ.

ಮೊದಲ ಮನೆ ಬಡಗಿಯದು. ಅವರ ಕೈಬೆರಳು, ದವಡೆ, ಪಾದ ಎಲ್ಲ ನಡುವಯಸ್ಸಿನಲ್ಲಿ ಬೆಳೆಯಲು ಹಿಡಿದವು. ಮದುವೆಯ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಈಗ ತಿಂಗಳಿಗೊಂದು ಇಂಜೆಕ್ಷನ್. "ಇವರು ಬರದಿದ್ರೆ ನಾನೇ ಬಾಗಿಲಿನ ಅಳತೆ ಬದಲಾಯಿಸ್ಬೇಕು," ಎಂದು ಅವರು ನಗುತ್ತಾರೆ. ಎರಡನೆಯ ಮನೆಯಲ್ಲಿ ಶಾಲೆಯ ಟೀಚರ್. ಮೂಗಿಗೆ ಬಿಡುವ ಔಷಧಿ ಇಲ್ಲದ ದಿನ ಅವರಿಗೆ ಕೊಡಗಟ್ಟಲೆ ನೀರು ಕುಡಿಯುವಷ್ಟು ದಾಹ, ಪದೇ ಪದೇ ಮೂತ್ರಕ್ಕೆ ಓಡಬೇಕು, ಒಂದು ಪಾಠ ಮುಗಿಸುವಷ್ಟು ಹೊತ್ತು ತರಗತಿಯಲ್ಲಿ ನಿಲ್ಲಲಾಗುವುದಿಲ್ಲ. ಐಸಕ್ಕನನ್ನು ಕಂಡೊಡನೆ, "ಬಂದ್ರಾ, ನಮ್ಮ ಅಣೆಕಟ್ಟು!" ಎನ್ನುತ್ತಾರೆ.

ಐಸಕ್ಕ ಮೊದಲು ಇದ್ದದ್ದು ಮೀನಿನ ಗೋದಾಮಿನಲ್ಲಿ. ಚಿಕ್ಕ ವಯಸ್ಸಿನಿಂದ ಐಸ್ ಒಡೆದು ತುಂಬಿದ ಕೈ. ಚಳಿಗಾಲದಲ್ಲಿ ಗೆಣ್ಣುಗಳು ಇಂದಿಗೂ ಊದಿಕೊಳ್ಳುತ್ತವೆ. "ನನ್ನ ಗಂಡಂಗೆ ಜ್ವರ ಬಂದ್ರೆ ಹಣೆಗೆ ಒದ್ದೆ ಬಟ್ಟೆ ಬೇಡ, ನನ್ನ ಕೈ ಇಟ್ಟರೆ ಸಾಕು," ಎಂದು ನಗುತ್ತಾರೆ. ಗೋದಾಮು ಮುಚ್ಚಿ, ಎಷ್ಟೋ ಕಾಲ ಕೂಲಿಯಿಲ್ಲದೆ ಅಲೆದು, ಕೊನೆಗೆ ಸಿಕ್ಕಿದ್ದು ಈ ಕೆಲಸ. ಬಂದ ಹೊಸತರಲ್ಲೇ ಎಡವಟ್ಟಾಯಿತು.

"ಮೀನಿಗೆ ಐಸ್ ಎಷ್ಟು ಸುರಿದ್ರೂ ಒಳ್ಳೇದೇ ಅಲ್ವಾ? ಅದೇ ಕೈ. ಕಲ್ಲಿನಂಥ ಐಸ್ ಮಧ್ಯೆ ಔಷಧಿ ಒತ್ತಿಟ್ಟು ತಗೊಂಡ್ಹೋದೆ. ಔಷಧಿ ಅಷ್ಟೂ ಹೆಪ್ಪುಗಟ್ಟಿ ಕೂತಿತ್ತು. ಎಷ್ಟು ಚೆನ್ನಾಗಿ ತಣ್ಣಗಿಟ್ಟಿದೀನಿ ನೋಡಿ ಅಂತ ನಾನೇ ಆಸ್ಪತ್ರೆ ಯಜಮಾನ್ರಿಗೆ ಎತ್ತಿ ತೋರಿಸ್ದೆ, ತಂಗಿ! ಅವರು ತಲೆ ಮೇಲೆ ಕೈ ಹೊತ್ಕೊಂಡ್ರು. ಅವತ್ತಿಂದ ಐಸ್ ಬೆವರೋ ತನಕ ಕಾಯ್ತೀನಿ."

ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ನಾನು ಅವರತ್ತ ತಿರುಗುತ್ತೇನೆ. "ಕರಗಿದ ಮೇಲೆ... ಸರಿಹೋಗಲ್ವಾ?"

"ನೋಡೋಕೆ ಸರಿಹೋಗತ್ತೆ. ನೀರಿನ ಹಾಗೆ ತಿಳಿಯಾಗೇ ಇರಬಹುದು. ಆದ್ರೆ ಒಳಗಿನ ಸತ್ವ ಹೋಗಿರತ್ತಂತೆ. ಮನೆಯೋರು ಪಾಪ ಚುಚ್ತಾನೇ ಇರ್ತಾರೆ. ಮೂರು ತಿಂಗಳಾದ್ಮೇಲೆ ಅಳೆದು, ಮಗು ಬೆಳೀಲೇ ಇಲ್ಲ, ಈ ಔಷಧಿ ಇದಕ್ಕೆ ಹಿಡಿಸ್ಲಿಲ್ಲ ಅಂತ ಡಾಕ್ಟ್ರು ನಿಲ್ಲಿಸಿಬಿಟ್ರೆ?"

"ಬದಲಿ ಸಿಗಲ್ವಾ?"

"ಸಿಗತ್ತೆ. ಒಂದಿಷ್ಟು ದಿನ ಕಾಯ್ಬೇಕು. ದಾರೀಲಿ ಕೆಡಿಸಿದ್ಯಾ ಅಂತ ಮೊದಲು ನನ್ನನ್ನೇ ನಿಲ್ಲಿಸಿ ಕೇಳ್ತಾರೆ, ಕೇಳ್ಲಿ ಬಿಡು." ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೇಳುತ್ತಾರೆ: "ನಂಗೆ ಹಾರ ತುರಾಯಿ ಏನೂ ಬೇಡ. ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳ್ಲಿ, ಅಷ್ಟೇ. ಹೆದರ್ಕೊಂಡು ಮುಚ್ಚಿಡ್ತಾರೆ. ನಾನೇನು ಹೊಡೀತೀನಾ?"

ಇದನ್ನು ಬರೆದುಕೊಳ್ಳಬೇಕಿತ್ತು. ನಾನು ಬರೆದುಕೊಳ್ಳುವುದಿಲ್ಲ. ಮುಂದಿನ ಮನೆ ಗುಬ್ಬಿಯದು.

ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುವ ಈ ಹುಡುಗಿಗೆ ಹನ್ನೆರಡು ತುಂಬಿದೆ, ನೋಡಿದರೆ ಏಳೆಂಟು ಎನಿಸುತ್ತದೆ. ಪ್ರತಿ ರಾತ್ರಿ ಅಮ್ಮ ಅವಳಿಗೆ ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾಳೆ. ಎಲುಬುಗಳು ಬೆಳೆಯುವ ಕಾಲ ಇನ್ನು ಕೆಲವೇ ವರ್ಷ, ಆಮೇಲೆ ಎಷ್ಟು ಚುಚ್ಚಿದರೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಔಷಧಿಯ ಹೊಸ ಡಬ್ಬಿಯನ್ನು ಐಸಕ್ಕ ಮೊನ್ನೆಯೇ ತಲುಪಿಸಿದ್ದರು. ಆ ಮನೆಯವರ ನಾಲ್ಕು ಮಾತು ಬರೆದುಕೊಳ್ಳಲು ನಾನು ನಿನ್ನೆ ಮಧ್ಯಾಹ್ನ ಒಬ್ಬಳೇ ಹೋಗಿದ್ದೆ. ಅಜ್ಜಿಯೊಬ್ಬರೇ ಇದ್ದರು.

ನೀರು ಕೊಡಲೆಂದು ಫ್ರಿಜ್ ತೆರೆದ ಅಜ್ಜಿ, "ಅಯ್ಯೋ, ಮರೆತೇಬಿಟ್ಟೆ!" ಎಂದು ಮೇಲಿನ ಫ್ರೀಜರ್‌ನಿಂದ ಆ ಡಬ್ಬಿಯನ್ನು ಹೊರತೆಗೆದರು. ಹಿಂದಿನ ರಾತ್ರಿ ಕರೆಂಟು ಹೋಗಿತ್ತಂತೆ. ಔಷಧಿ ಬೆಚ್ಚಗಾದೀತೆಂದು ಹೆದರಿ, ಎಲ್ಲಕ್ಕಿಂತ ತಣ್ಣಗಿನ ಜಾಗಕ್ಕೆ ಏರಿಸಿ ಮಲಗಿದ್ದರು. ಅವರು ಮುಚ್ಚಳ ತೆಗೆದಾಗ ನಾನೂ ಬಗ್ಗಿ ನೋಡಿದೆ. ಗಾಜಿನ ಕೊಳವೆಗಳೊಳಗೆ ಬೆಳ್ಳಗೆ ಗಟ್ಟಿಯಾಗಿತ್ತು. ಅಜ್ಜಿ ಅದನ್ನು ಸರಸರನೆ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದರು.

"ಕರಗತ್ತೆ ಬಿಡು. ನಮ್ಮ ಸೊಸೆ ಹತ್ರ ಮಾತ್ರ ಅನ್ಬೇಡ ಕಣಮ್ಮ. ಈ ಮನೇಲಿ ನನ್ನನ್ನ ನಂಬಿ ಕೊಟ್ಟಿರೋ ಕೆಲಸ ಅಂದ್ರೆ ಇದೊಂದೇ."

ನಾನು ತಲೆಯಾಡಿಸಿದೆ.

ಈಗ ಅದೇ ಬಾಗಿಲು. ಮೊನ್ನೆ ಡಬ್ಬಿಯ ಜೊತೆ ಬಾರದ ಸೂಜಿಗಳ ಪೊಟ್ಟಣವನ್ನು ಐಸಕ್ಕ ತಂದಿದ್ದಾರೆ. ಅಮ್ಮ ಕೆಲಸಕ್ಕೆ ಹೊರಡುವ ಧಾವಂತದಲ್ಲಿ ಬಾಚಣಿಗೆಯನ್ನು ತಲೆಯಲ್ಲೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾಳೆ. "ಸದ್ಯ ಬಂದ್ರಲ್ಲ ಅಕ್ಕ, ಹಳೇದು ನಿನ್ನೆಗೆ ಖಾಲಿ. ಇವತ್ತು ರಾತ್ರಿಯಿಂದ ಹೊಸದು ಶುರು."

ಗುಬ್ಬಿ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತಿದ್ದಾಳೆ. ಅಲ್ಲಿ ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು, ಬೆರಳು ತೂರಿಸಲೂ ಜಾಗವಿಲ್ಲದಷ್ಟು ಹತ್ತಿರ. "ಐಸಕ್ಕ, ನಿಮ್ಮ ಭುಜಕ್ಕೆ ಬರ್ತೀನಾ?"

"ಬರ್ತೀಯ ಬರ್ತೀಯ. ಭುಜ ದಾಟಿ ಆಮೇಲೆ ನನ್ನನ್ನೇ ಪುಟ್ಟಿ ಅಂತ ಕರೀಬೇಡ ಮತ್ತೆ."

ಐಸಕ್ಕ ಫ್ರಿಜ್ ತೆರೆದು ಡಬ್ಬಿಯಿಂದ ಒಂದು ಕೊಳವೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ತಿಳಿ. ಒಂದು ಕಣವೂ ಇಲ್ಲ. ನಿನ್ನೆ ನಾನು ಕಂಡದ್ದು ನಿಜವೇ ಎಂದು ನನಗೇ ಅನುಮಾನ ಬರುತ್ತದೆ.

"ಚೆನ್ನಾಗಿದೆ," ಎನ್ನುತ್ತಾರೆ ಐಸಕ್ಕ.

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಒಂದು ತಟ್ಟೆಯನ್ನು ಒರೆಸುತ್ತಿದ್ದಾರೆ. ತಟ್ಟೆ ಆಗಲೇ ಒಣಗಿದೆ. ಅವರ ಕಣ್ಣು ಕೊಳವೆಯ ಮೇಲಿಲ್ಲ, ನನ್ನ ಮೇಲಿದೆ. ಬೇಡ ಎನ್ನುತ್ತಿದೆಯೋ, ನೀನೇ ಹೇಳಿಬಿಡು ಎನ್ನುತ್ತಿದೆಯೋ ನನಗೆ ತಿಳಿಯುವುದಿಲ್ಲ. ಐಸಕ್ಕ ಡಬ್ಬಿಯನ್ನು ಒಳಗಿಟ್ಟು ನನ್ನತ್ತ ತಿರುಗುತ್ತಾರೆ. "ಹೊರಡೋಣ್ವಾ ತಂಗಿ?"

ಎಂದಿನಂತೆ ನನ್ನ ತಲೆ ಆಡಲು ತೊಡಗುತ್ತದೆ. ಅದನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅಜ್ಜಿಯ ಹತ್ತಿರ ಹೋಗಿ ಅವರ ಒದ್ದೆ ಕೈಯನ್ನು ಹಿಡಿದುಕೊಳ್ಳುತ್ತೇನೆ.

"ಅಕ್ಕಾ, ಅದನ್ನ ಗುಬ್ಬಿಗೆ ಕೊಡ್ಬೇಡಿ. ಕರೆಂಟು ಹೋಯ್ತು ಅಂತ ಅಜ್ಜಿ ಕಾಳಜಿಯಿಂದ ಮೇಲೆ ಫ್ರೀಜರ್‌ನಲ್ಲಿ ಇಟ್ಟಿದ್ರು. ನಿನ್ನೆ ಅದು ಪೂರ್ತಿ ಗಟ್ಟಿಯಾಗಿತ್ತು. ನಾನು ನೋಡಿದೀನಿ."