ಸಲಿಕೆ ರಾಶಿಯ ತಿಪ್ಪೇಸ್ವಾಮಿ

ಇಲ್ಲ... ನನಗಿನ್ನೂ ನಂಬಿಕೆ ಬರುತ್ತಿಲ್ಲ.

ಬೆಳಿಗ್ಗೆ ಫೋನ್ ಬಂದಾಗ "ಯಾವ ತಿಪ್ಪೇಸ್ವಾಮಿ?" ಅಂತ ಮತ್ತೆ ಮತ್ತೆ ಕೇಳಿದೆ.
ನಮ್ಮ ಕಡೆ ಬೀದಿಗೊಬ್ಬ ತಿಪ್ಪೇಸ್ವಾಮಿ ಇರುತ್ತಾನೆ...
ಬೇರೆ ಯಾರೋ ಇರಬಹುದು ಅನ್ನುವ ಆಸೆ.
ಅಲ್ಲ. ಚಳ್ಳಕೆರೆಯ ಜೆರಾಕ್ಸ್ ಅಂಗಡಿಯ ನಮ್ಮ ತಿಪ್ಪೇಶಿಯೇ.
ಮಲಗಿದವನು ಏಳಲಿಲ್ಲವಂತೆ. ಹಾರ್ಟ್ ಅಟ್ಯಾಕ್.

ನಿನ್ನೆ ಸಂಜೆಯಷ್ಟೇ ವಾಯ್ಸ್ ಮೆಸೇಜ್ ಕಳಿಸಿದ್ದ.
ಬೇವು ಈ ಸಲ ಯಾಕೆ ಲೇಟಾಗಿ ಹೂ ಬಿಟ್ಟಿತು ಅಂತ ಅವನಿಗೆ ಗೊತ್ತಾಗಬೇಕಿತ್ತು.
ಎಲ್ಲದಕ್ಕೂ ಯಾಕೆ, ಹೆಂಗೆ... ತಲೆ ತಿನ್ನುತ್ತಿದ್ದ ಮಾರಾಯ.

ಗೊತ್ತಿಲ್ಲದ ಫ್ರೆಂಡ್ಸ್‌ಗೆ ಹೇಳುತ್ತೇನೆ.
ಭಜನಾ ಮಂಡಳಿ ಇರಲಿ, ರಕ್ತದಾನದ ಹುಡುಗರಿರಲಿ, ಮಹಿಳಾ ಸಂಘ ಇರಲಿ... ಅವರ ಪಾಂಪ್ಲೆಟ್ ಎಲ್ಲ ಇವನ ಅಂಗಡಿಯಲ್ಲಿ ಫ್ರೀ.
ಆದರೆ ಅವನ ಜೀವ ಇದ್ದದ್ದು ನಮ್ಮೂರು ದೊಡ್ಡಉಳ್ಳಾರ್ತಿಯ ಗೋಕಟ್ಟೆ ತಂಡದಲ್ಲಿ.
ಕಾವಲಿನಲ್ಲಿ, ಅಂದರೆ ಊರಾಚೆಯ ಹುಲ್ಲುಗಾವಲಿನಲ್ಲಿ, ಮೇಯುವ ದನ, ಕುರಿ ನೀರು ಕುಡಿಯುವ ಕಟ್ಟೆ ಅದು.
ಮಳೆಗಾಲಕ್ಕೆ ಮುಂಚೆ ಒಂದು ದಿನ ಎಲ್ಲ ಮನೆಯವರೂ ಸೇರಿ ಹೂಳು ಎತ್ತುತ್ತೇವೆ.
ಕೂಲಿ ಇಲ್ಲ, ಅಧ್ಯಕ್ಷರಿಲ್ಲ, ಹಾರ ತುರಾಯಿ ಇಲ್ಲ.

ಅಲ್ಲಿ ಒಂದು ಪದ್ಧತಿ ಇದೆ...
ಮನೆಯಿಂದ ತಂದ ಸಲಿಕೆಗಳನ್ನೆಲ್ಲ ಒಂದೇ ರಾಶಿಗೆ ಹಾಕಬೇಕು.
ತನ್ನ ಮನೆಯ ಸಲಿಕೆಯನ್ನು ಯಾರೂ ಹಿಡಿಯುವಂತಿಲ್ಲ. ಬೇರೆಯವರದ್ದೇ ತಗೋಬೇಕು.
ನಾನು ಹೊಸ ಸಲಿಕೆ ಒಯ್ದು, ಯಾರದೋ ಮೊಂಡು ಸಲಿಕೆಯಲ್ಲಿ ಅಗೆದು ಹೊಟ್ಟೆ ಉರಿಸಿಕೊಂಡಿದ್ದೇನೆ.
ಯಾಕೆ ಹೀಗೆ ಅಂದರೆ, ಹಿರಿಯರು ಮಾಡಿದ್ದು ಅನ್ನುವುದೊಂದೇ ಉತ್ತರ.

ಎರಡು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಪುಕ್ಕಟೆ ಜೆಸಿಬಿ ಕೊಡುತ್ತೇನೆ ಅಂದರು.
ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹುಡುಗರಿಗೆ ಖುಷಿಯೋ ಖುಷಿ.
ತಿಪ್ಪೇಶಿಗೆ ಮಾತ್ರ ಭಯ... ಒಮ್ಮೆ ಮಿಷಿನ್ ಇಳಿದರೆ ತಂಡ ಮತ್ತೆ ಸೇರುವುದಿಲ್ಲ ಅಂತ.
ಸೇರದಿದ್ದರೆ ಏನು ನಷ್ಟ ಅಂತ ಮೀಟಿಂಗಿನಲ್ಲಿ ಒಬ್ಬ ಕೇಳಿದ.
ಇವನು ಸ್ವಲ್ಪ ಟೈಮ್ ಕೊಡಿ ಅಂತ ಕೇಳಿಕೊಂಡ.

ನೆನಪಿದೆಯಾ ತಿಪ್ಪೇಶಿ...
ಸಲಿಕೆ ರಾಶಿ ಯಾಕೆ ಶುರುವಾಯಿತು ಅಂತ ಗೊತ್ತಾದರೆ ಉತ್ತರ ಸಿಗುತ್ತದೆ ಅಂತ ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಊರೂರು ಸುತ್ತಿದೆ.
ಗೌರಸಮುದ್ರದಲ್ಲಿ ನಿಮ್ಮ ಮಾವ, ಅಣ್ಣತಮ್ಮಂದಿರ ಜಗಳ ಆಗದಿರಲಿ ಅಂತ ಹೀಗೆ ಮಾಡಿರಬೇಕು ಅಂದರು.
ನೀನು ತಲೆ ಆಡಿಸಿದೆ. ಒಪ್ಪಲಿಲ್ಲ.
ಕೊನೆಗೆ ಬಿ.ಜಿ. ಕೆರೆ. ನಮ್ಮೂರಿಂದ ಅಲ್ಲಿಗೆ ಮದುವೆಯಾಗಿ ಹೋದ ಪಾಲಮ್ಮಜ್ಜಿ.

ಅಜ್ಜಿ ಹೇಳಿದ್ದು ತನ್ನ ಅಜ್ಜಿಯಿಂದ ಕೇಳಿದ್ದು...
ಪ್ಲೇಗಿನ ಕಾಲ. ಸಾವಿರದ ಒಂಬೈನೂರರ ಆಚೀಚೆ ಇರಬೇಕು ಅಂತ ನೀನೇ ಅಂದಾಜು ಮಾಡಿದೆ.
ಇಲಿ ಸತ್ತು ಬಿದ್ದವು ಅಂತ ಊರಿಗೆ ಊರೇ ಕಾವಲಿಗೆ ಹೋಗಿ ಗುಡಿಸಲು ಹಾಕಿತ್ತಂತೆ.
ವಾಪಸ್ ಬಂದಾಗ ಎಷ್ಟೋ ಮನೆಗಳಲ್ಲಿ ದುಡಿಯುವವರೇ ಇಲ್ಲ. ದನಕ್ಕೆ ನೀರಂತೂ ಬೇಕಲ್ಲ...
ಉಳಿದವರು ಸೇರಿ ಹೂಳು ಎತ್ತಲು ನಿಂತರು.
ಆಳಿಲ್ಲದ ಮನೆಯ ಹೆಂಗಸರಿಗೆ, ಕೆಲಸಕ್ಕೆ ಬಾರದೆ ಕಟ್ಟೆಯ ನೀರು ಹೆಂಗೆ ಮುಟ್ಟೋದು ಅನ್ನುವ ಸಂಕೋಚ.
ಅವರು ಸಲಿಕೆಯನ್ನಷ್ಟೇ ಕೊಟ್ಟು ಕಳಿಸಿದರು.

"ಯಾವ ಮನ್ಯಾಗೆ ಆಳಿಲ್ಲ ಅಂತ ಕಟ್ಟೆ ಮ್ಯಾಲೆ ಯಾರಿಗೂ ಕಾಣಬಾರ್ದು ನಾಯನಾ... ಅದಕ್ಕೇ ಎಲ್ಲಾ ಒಂದೇ ರಾಶಿ. ಸಲಿಕೆ ಬಂತು ಅಂದ್ರೆ ಮನೆ ಬಂದಂಗೆ."

ವಾಪಸ್ ಬರುವ ದಾರಿ.
ಚಳ್ಳಕೆರೆ ಹತ್ತಿರ ಬೈಕ್ ನಿಲ್ಲಿಸಿ ತಿರುಗಿದೆ.
"ಲೇ, ಈಗ್ಲೂ ಯಾರಾದ್ರೂ ಬರೀ ಸಲಿಕೆ ಕಳಿಸ್ತಾ ಇರ್ಬೋದಾ?"

ಇದ್ದರು! ಆ ವರ್ಷ ನೀನು ರಾಶಿಯನ್ನೇ ನೋಡುತ್ತಾ ನಿಂತಿದ್ದೆ.
ಎಲ್ಲರ ಕೈಗೂ ಸಲಿಕೆ ಬಂದ ಮೇಲೂ ರಾಶಿ ಖಾಲಿಯಾಗಿರಲಿಲ್ಲ.
ಯಾರವು ಅಂತ ನೀನೂ ಕೇಳಲಿಲ್ಲ... ಜೀವನದಲ್ಲಿ ನೀನು ಕೇಳದೆ ಬಿಟ್ಟ ಒಂದೇ ಪ್ರಶ್ನೆ ಅದಿರಬೇಕು.
ಮೀಟಿಂಗಿನಲ್ಲಿ ನೀನು ಅಜ್ಜಿಯ ಮಾತು ಹೇಳಿದ ಮೇಲೆ, ಜೆಸಿಬಿ ಕಟ್ಟೆಯ ಏರಿಯ ದಾರಿಗೆ ಮಣ್ಣು ಹೊಡೆಯಲಷ್ಟೇ ಬಂತು. ಹೂಳು ನಮ್ಮ ಕೈಗೇ ಉಳಿಯಿತು.
ಕಂಟ್ರಾಕ್ಟರ್ ಸಾಹೇಬರೂ ಮನೆಯಿಂದ ಒಂದು ಸಲಿಕೆ ಕಳಿಸಿದರು.

ಈ ವರ್ಷದ ಹೂಳು ಹೋದ ವಾರವಷ್ಟೇ ಎತ್ತಿದ್ದು.
ನೀನು ರಾಶಿಯ ಪಕ್ಕ ನಿಂತು ಎಲ್ಲರಿಗೂ ಸಲಿಕೆ ತೆಗೆದುಕೊಡುತ್ತಿದ್ದೆ. ಸಿಕ್ಕವರಿಗೆಲ್ಲ ಪ್ರಶ್ನೆ... ನಗು... ಕೀಟಲೆ.

ಇವತ್ತು ಬೆಳಿಗ್ಗೆ ನಿನ್ನ ಹೆಂಡತಿ ಹೇಳಿದರು.
"ದೀಪಾವಳಿಯಿಂದ ಒಂದು ಕೊಡ ನೀರೂ ಎತ್ತಬ್ಯಾಡ ಅಂದಿದ್ರು ಡಾಕ್ಟ್ರು. ಯಾರ್ಗೂ ಹೇಳ್ಬ್ಯಾಡ ಅಂತ ಇವ್ರು ನನ್ ಕೈಲಿ ಆಣೆ ಹಾಕಿಸ್ಕಂಡಿದ್ರು, ಅಣ್ಣ."

ಅಂದರೆ ಈ ಸಲ ಬರೀ ಸಲಿಕೆ ಕೊಟ್ಟವರಲ್ಲಿ ನೀನೂ ಒಬ್ಬ...
ಅಷ್ಟು ಜನರ ಮಧ್ಯೆ ನಿಂತಿದ್ದೆ, ಒಬ್ಬರಿಗೂ ಕಾಣಲಿಲ್ಲ.
ಪ್ಲೇಗಿನ ಕಾಲದ ಆ ಜನ ಎಂಥ ಉಪಾಯ ಮಾಡಿದ್ದರು ನೋಡು.
ಅಳು ಬರುತ್ತಿದೆ ತಿಪ್ಪೇಶಿ. ಅದರ ಜೊತೆಗೆ ನಿನ್ನ ಚಾಳಿಯೂ ಅಂಟಿಕೊಂಡಿದೆ...
ಅವತ್ತು ನಿನ್ನ ಸಲಿಕೆ ಯಾರ ಕೈಯಲ್ಲಿತ್ತು? ನನ್ನ ಕೈಯಲ್ಲೇ ಇತ್ತಾ?
ಗೊತ್ತಾಗುವುದಿಲ್ಲ. ಗೊತ್ತಾಗಬಾರದು.

ನಿಮ್ಮ ಅವ್ವ ಬಾಗಿಲಲ್ಲಿ ಕೂತು ಅಳುತ್ತಿದ್ದರು.
"ಇನ್ನ ನಮ್ ಮನಿಯಿಂದ ಕಟ್ಟೆಗೆ ಯಾರಪ್ಪಾ ಬರ್ತಾರೆ..."
ಅದಕ್ಕೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ, ಯಾರಾದರೂ ಅವರಿಗೆ ಓದಿ ಹೇಳಿ...
ಅವ್ವಾ, ಸಲಿಕೆ ಕಳಿಸು. ಸಾಕು.

ಹೋಗಿ ಬಾ ಗೆಳೆಯಾ...
ನಿನ್ನ ಜೀವಕ್ಕೆ ತಂಪಾದ ನೆರಳು ಸಿಗಲಿ 🙏