ಗಡಿಕಲ್ಲು ಸಮುದ್ರಕ್ಕೆ, ಮೂರು ಪ್ರತಿ ಕೋರ್ಟಿಗೆ

ನನ್ನ ಸೀನಿಯರ್ ಮಂಗಳೂರಿನ ಹಳೆಯ ವಕೀಲರು. ಒಂದು ಏಪ್ರಿಲ್ ತಿಂಗಳಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಭೂಮಿಯ ಮೇಲೆ ಪ್ರೀತಿ ಹುಟ್ಟಿತು. ಪರಿಚಯದ ಐದಾರು ವಕೀಲರನ್ನು ಸೇರಿಸಿ ಒಂದು ಹಸಿರು ಸಮಿತಿ ಮಾಡಿ, ತಾವೇ ಅಧ್ಯಕ್ಷರಾದರು. ಜೂನಿಯರ್ ಆದ ತಪ್ಪಿಗೆ ನಾನು ಕಾರ್ಯದರ್ಶಿ. ‘ಕಾಗದ ಉಳಿಸಿ’ ಎಂಬ ಸುತ್ತೋಲೆಯನ್ನು ಮುದ್ರಿಸಿ ಪ್ರತಿಯೊಬ್ಬರ ಮೇಜಿಗೂ ಹಂಚುವುದು ನನ್ನ ಮೊದಲ ಕೆಲಸ. ಎರಡೂ ಬದಿ ಪ್ರಿಂಟ್ ಮಾಡಿರೆಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಸುತ್ತೋಲೆಯನ್ನು ಮಾತ್ರ ಒಂದೇ ಬದಿ ಹಾಕಿಸಿದೆವು, ನೀಟಾಗಿ ಕಾಣಬೇಕಲ್ಲ. ಉದ್ಘಾಟನೆ ಎಸಿ ಹಾಲಿನಲ್ಲಿ ನಡೆಯಿತು. ಕರಿಕೋಟು ಹಾಕಿಯೂ ನಡುಗುತ್ತಾ, ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಎರಡು ಗಂಟೆ ಮಾತಾಡಿದೆವು. ಹೊರಡುವಾಗ ಎಲ್ಲರಿಗೂ ಒಂದೊಂದು ಗಿಡ ಕೊಟ್ಟೆವು, ಪ್ಲಾಸ್ಟಿಕ್ ಸುತ್ತಿ.

ಆಗ ನನ್ನ ಕೈಯಲ್ಲಿ ಉಳ್ಳಾಲದ ಒಂದು ಗಡಿ ತಕರಾರು ಇತ್ತು. ನಮ್ಮ ಕಕ್ಷಿದಾರರು ಬಟ್ಟೆ ವ್ಯಾಪಾರ ಮಾಡಿ ಮಕ್ಕಳಿಗೆ ಬಿಟ್ಟುಕೊಟ್ಟ ಬ್ಯಾರಿ ಹಿರಿಯರು, ಊರಿಗೆಲ್ಲ ಹಾಜಿಯವರು. ಎದುರು ಪಾರ್ಟಿ ಪಕ್ಕದ ಮನೆಯ ನಿವೃತ್ತ ಟೀಚರ್, ನನ್ನ ಹಾಗೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಸಮುದ್ರದ ಕಡೆ ಮೂರು ತೆಂಗಿನಮರ ಇದ್ದ ಒಂದು ಪಟ್ಟಿ ಜಾಗ ಯಾರದ್ದು ಎಂದು ಕೋರ್ಟು ಹನ್ನೊಂದು ವರ್ಷದಿಂದ ಯೋಚಿಸುತ್ತಿತ್ತು.

ಸಮುದ್ರ ಅಷ್ಟು ಯೋಚಿಸಲಿಲ್ಲ. ಜೂನ್ ಕೊನೆಯ ಒಂದೇ ವಾರದಲ್ಲಿ ಮೂರು ಮರ, ಪಟ್ಟಿ ಜಾಗ, ಟೀಚರ್ ಮನೆಯ ಬಾವಿಕಟ್ಟೆ ಎಲ್ಲವನ್ನೂ ಎಳೆದುಕೊಂಡಿತು. ಯಾರಿಗೂ ನೋಟಿಸು ಕೊಡಲಿಲ್ಲ.

ಹಾಜಿಯವರು ಫೋನ್ ಮಾಡಿದರು. “ಮೇಡಂ, ನಮ್ಮ ಕೇಸು ಇನ್ನೂ ಉಂಟಾ?”

“ಕೇಸು ಉಂಟು ಹಾಜಿಯವರೇ. ಜಾಗ ಇಲ್ಲ, ಅಷ್ಟೇ.”

ಸೀನಿಯರ್‌ಗೆ ವಿಷಯ ಹೇಳಿದೆ. ಫೈಲಿನಿಂದ ತಲೆ ಎತ್ತಲಿಲ್ಲ. “ಕೋರ್ಟ್ ಕಮಿಷನರ್ ನೇಮಕ ಆಗಿದೆಯಲ್ಲ, ಸ್ಥಳ ಪರಿಶೀಲನೆ ನಡೆಯಲಿ.”

“ಸ್ಥಳವೇ ಇಲ್ಲ ಸರ್.”

“ಅದನ್ನು ಅವರು ವರದಿಯಲ್ಲಿ ಬರೀತಾರೆ ಮಾರಾಯ್ತಿ.”

ಹಾಗಾಗಿ ಇಲ್ಲದ ಜಾಗವನ್ನು ಪರಿಶೀಲಿಸಲು ಕಮಿಷನರ್, ಸರ್ವೆಯರ್, ಟೀಚರ್ ಕಡೆಯ ವಕೀಲರು ಮತ್ತು ನಾನು, ನಾಲ್ಕು ಜನ ನಾಲ್ಕು ಕಾರಿನಲ್ಲಿ ಹೋದೆವು. ಸರ್ವೆಯರ್ ನಕ್ಷೆ ಬಿಡಿಸಿ ತುಂಬ ಹೊತ್ತು ನೋಡಿ, ಅಲೆಗಳ ಕಡೆ ಬೆರಳು ತೋರಿಸಿದರು. “ಗಡಿಕಲ್ಲು ಅಲ್ಲಿ.” ಅಲ್ಲಿ ನೊರೆ ಮಾತ್ರ ಇತ್ತು. ಕಮಿಷನರ್ ಬಹಳ ಗಂಭೀರವಾಗಿ ಬರೆದುಕೊಂಡರು.

ಹಾಜಿಯವರು ಮತ್ತು ಟೀಚರ್ ಒಂದೇ ಕಡೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಮ್ಮ ಅಡುಗೆಕೋಣೆಗೆ ನೀರು ಬಂತಾ?” ಟೀಚರ್ ಕೇಳಿದರು.

“ಮೊನ್ನೆ ಬಂತು. ನಿಮ್ಮದು?”

“ಹಿಂದಿನ ಗೋಡೆ ಬಿರುಕು ಬಿಟ್ಟಿದೆ.”

ಹಾಜಿಯವರು ನೊರೆಯ ಕಡೆ ಕೈ ತೋರಿಸಿ, “ಆ ನಡುವಿನ ಮರದ ಬೊಂಡದ ನೀರು ಅಂದ್ರೆ ನಿಮ್ಮ ಯಜಮಾನರಿಗೆ ಭಾರಿ ಇಷ್ಟ ಇತ್ತು,” ಅಂದರು. ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

ಆ ದಿನವೇ ಇಬ್ಬರೂ ರಾಜಿಗೆ ಒಪ್ಪಿದರು. ಕಡಲಿಗೆ ತಡೆಗೋಡೆ ಹಾಕಿ ಎಂದು ಸರಕಾರಕ್ಕೆ ಒಂದು ಜಂಟಿ ಮನವಿಯನ್ನೂ ಬರೆಸಿದರು. ರಾಜಿ ಅರ್ಜಿಯನ್ನು ನಾನು, ನಮ್ಮ ಸುತ್ತೋಲೆಯನ್ನೇ ನಂಬಿ, ಎರಡೂ ಬದಿ ಪ್ರಿಂಟ್ ಮಾಡಿ ಕೊಟ್ಟೆ. ಕೌಂಟರಿನ ಗುಮಾಸ್ತರು ಹಾಳೆಯ ಹಿಂದೆಯೂ ಅಕ್ಷರ ಕಂಡು ಬೆಚ್ಚಿಬಿದ್ದರು.

“ಇದೆಂತ ಮೇಡಂ? ಒಂದೇ ಬದಿ ಹಾಕಿ ಮೂರು ಪ್ರತಿ ಕೊಡಿ.”

“ಆನ್‌ಲೈನಿನಲ್ಲೂ ಹಾಕಿದ್ದೇನಲ್ಲ?”

“ಹಾಗಾದ್ರೆ ಅದರದ್ದೂ ಒಂದು ಪ್ರಿಂಟ್ ಕೊಡಿ.”

ಕೊಟ್ಟೆ. ಕೇಸು ಮುಗಿಯಿತು. ವಾದ ನಡೆಯದೆ ಇಷ್ಟೆಲ್ಲ ಕಾಗದ ಉಳಿಯಿತು ಎಂದು ಸೀನಿಯರ್ ಅದನ್ನು ಸಮಿತಿಯ ವಾರ್ಷಿಕ ವರದಿಗೆ ಸಾಧನೆಯಾಗಿ ಸೇರಿಸಿದರು. ಸಮುದ್ರಕ್ಕೆ ಕೃತಜ್ಞತೆ ಹೇಳಲು ಮರೆತರು.

ತಡೆಗೋಡೆಯ ಬಂಡೆಗಳೂ ಬಂದವು, ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ. ಅಷ್ಟರಲ್ಲಿ ಎರಡೂ ಮನೆ ಕುಸಿದಿದ್ದವು. ಟೀಚರ್ ಬಿಕರ್ನಕಟ್ಟೆಯ ತಂಗಿಯ ಮನೆ ಸೇರಿದ್ದರು, ಹಾಜಿಯವರು ಮಗನ ಫ್ಲ್ಯಾಟು. ಬಂಡೆ ನೋಡಲು ಹಾಜಿಯವರು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಂದಲೇ ಟೀಚರ್‌ಗೆ ವಿಡಿಯೋ ಕಾಲ್ ಮಾಡಿ ಉದ್ದಕ್ಕೂ ತೋರಿಸಿದರು.

“ಒಳ್ಳೆ ಗಟ್ಟಿ ಕಲ್ಲು ಟೀಚರೇ. ಇನ್ನು ನಮ್ಮ ಮನೆಗೆ ಎಂತದೂ ಆಗುವುದಿಲ್ಲ.”

ಅತ್ತ ಕಡೆಯಿಂದ ಟೀಚರ್ ನಕ್ಕದ್ದು ಕೇಳಿಸಿತು. ಹಾಜಿಯವರು ನಗಲಿಲ್ಲ. ಫೋನನ್ನು ಹಾಗೇ ಎತ್ತಿ ಹಿಡಿದು, ಅವರಿಗೆ ಸಮುದ್ರ ತೋರಿಸುತ್ತಾ ನಿಂತರು.